ಹವಾಯಿಯ ವಾವೊ ಕೆಲೆ ಒ ಪುನಾ ಕಾಡು: ಲಾವಾ ಬಂದ್ರೆ ಸುಮ್ನಿರ್ತಾರೆ, ಬಾವಿ ಕೊರೆದ್ರೆ ಯಾಕೆ ಗಲಾಟೆ?

ಕರೆಂಟ್_ಕುಮಾರ:
ಎಲ್ರಿಗೂ ನಮಸ್ಕಾರ. ಎನರ್ಜಿ ಥ್ರೆಡ್‌ನಲ್ಲಿ ಜಿಯೋಥರ್ಮಲ್ (ಭೂಮಿಯೊಳಗಿನ ಬಿಸಿಯಿಂದ ಕರೆಂಟ್ ಮಾಡೋದು) ಮಾತು ಬಂದಾಗ ಯಾರೋ ಹವಾಯಿ ಹೆಸರು ಎತ್ತಿದ್ರು, ಅಲ್ಲಿ ಆಫ್ ಟಾಪಿಕ್ ಆಗುತ್ತೆ ಅಂತ ಇಲ್ಲಿ ಬೇರೆ ಶುರು ಮಾಡ್ತಿದೀನಿ. ಗೊತ್ತಿಲ್ದೇ ಇರೋರಿಗೆ: ಹವಾಯಿಯ ಬಿಗ್ ಐಲ್ಯಾಂಡ್‌ನಲ್ಲಿ ಪುನಾ ಅಂತ ಒಂದು ಜಿಲ್ಲೆ, ಅಲ್ಲಿ ವಾವೊ ಕೆಲೆ ಒ ಪುನಾ ಅಂತ ಮಳೆಕಾಡು, ಸುಮಾರು 25,800 ಎಕರೆ. ಕಿಲಾವೆಯಾ ಜ್ವಾಲಾಮುಖಿಯ ಪೂರ್ವದ ಬಿರುಕು ಈ ಕಾಡಿನ ಕೆಳಗೇ ಹಾದು ಹೋಗುತ್ತೆ, ಅಂದ್ರೆ ಒಲೆ ಉರೀತಾ ಇದೆ, ಮೇಲೆ ಕಾಡು. 1980ರ ದಶಕದಲ್ಲಿ ಇಲ್ಲಿ ಬಾವಿ ಕೊರೆದು ಹಬೆ ತೆಗೆದು 500 ಮೆಗಾವ್ಯಾಟ್ ಕರೆಂಟ್ ಮಾಡಿ, ಸಮುದ್ರದ ತಳದಲ್ಲಿ ಕೇಬಲ್ ಎಳೆದು ಹೊನೊಲುಲು ಇರೋ ಒವಾಹು ದ್ವೀಪಕ್ಕೆ ಕಳಿಸೋ ಪ್ಲಾನ್ ಇತ್ತು. ಜನ ತಿರುಗಿಬಿದ್ರು, 1994ರಲ್ಲಿ ಕಂಪನಿ ಕೈಬಿಡ್ತು, 2006ರಲ್ಲಿ ಕಾಡನ್ನ ದುಡ್ಡು ಕೊಟ್ಟು ಕೊಂಡು ಸಂರಕ್ಷಣೆಗೆ ಇಟ್ರು.

ನನ್ನ ಪ್ರಶ್ನೆ ಇಷ್ಟೆ. ಆ ಕಾಡು ನಿಂತಿರೋದೇ ಹಳೇ ಲಾವಾ ಮೇಲೆ. 2014ರಲ್ಲಿ ಲಾವಾ ಅದೇ ಕಾಡೊಳಗೆ ಹಾದು, ಮರ ಸುಟ್ಕೊಂಡು ಪಾಹೋವಾ ಊರಿನ ಅಂಚಿಗೆ ಬಂತು. ಅದಕ್ಕೆ ಯಾರೂ ಬೋರ್ಡ್ ಹಿಡ್ಕೊಂಡು ನಿಲ್ಲಲಿಲ್ಲ. ಕಂಪನಿ ಒಂದಿಷ್ಟು ಎಕರೆ ಕಡಿದು ಬಾವಿ ಕೊರೆದ್ರೆ ಮಾತ್ರ ಅನಾಹುತನಾ? ಆಯಿಲ್ ಸುಟ್ಟು ಕರೆಂಟ್ ಮಾಡೋ ದ್ವೀಪಗಳಿಗೆ ಕಾಲಡಿಯಲ್ಲೇ ಬೆಂಕಿ ಇದೆ, ಅದನ್ನ ಬಿಟ್ಟುಕೊಡೋದು ಯಾವ ಪರಿಸರ ಪ್ರೇಮ ಅಂತ ನಂಗಂತೂ ಅರ್ಥ ಆಗ್ಲಿಲ್ಲ.

ಹುಬ್ಳಿ_ಖಡಕ್:
ಬರೋಬ್ಬರಿ ಕೇಳಿದ್ರಿ ನೋಡ್ರಿ. ಮ್ಯಾಲ ಇದಕ್ಕ ದೇವಿ ಬ್ಯಾರೆ ಅದಾಳಂತ, ಪೆಲೆ ಅಂತ ಹೆಸ್ರು, ಬಾವಿ ಕೊರದ್ರ ಆಕಿ ಮೈಯಾಗ ಚುಚ್ಚಿದಂಗ ಅಂತ. ನಂಬಿಕಿ ಇರ್ಲಿ, ಬ್ಯಾಡ ಅನ್ನಂಗಿಲ್ಲ, ಆದ್ರ ಒಂದ್ ರಾಜ್ಯದ ಕರೆಂಟ್ ಅದರ ಮ್ಯಾಲ ನಿಲ್ಲಸೂದೇನು?

ಹಿಲೊ_ಅಕ್ಕ:
ಕುಮಾರ್ ಅವ್ರೆ, ನಾನು ಅದೇ ದ್ವೀಪದ ಹಿಲೊ ಊರಲ್ಲೇ ಇರೋದು, ಆ ಕಾಡು ಇಲ್ಲಿಂದ ದಕ್ಷಿಣಕ್ಕೆ, ದೂರ ಏನಿಲ್ಲ. ನೀವು ಕೇಳಿದ ಪ್ರಶ್ನೆ ಇಲ್ಲಿನವ್ರೇ ಎರಡು ಪಾರ್ಟಿ ಆಗಿ ವರ್ಷಗಟ್ಟಲೆ ಜಗಳ ಆಡಿರೋದು. ಆದ್ರೆ ನೀವು ಕತೆನ ನಡುವಿಂದ ಶುರು ಮಾಡಿದೀರಿ, ಮೊದಲಿಂದ ಹೇಳ್ತೀನಿ, ಉದ್ದ ಆದ್ರೆ ಬೈಬೇಡಿ.

ಮೊದಲು ಬಾವಿ ಕೊರೆಯೋಕೆ ನೋಡಿದ್ದು ಈ ಕಾಡಲ್ಲಿ ಅಲ್ವೇ ಅಲ್ಲ. ಕ್ಯಾಂಪ್‌ಬೆಲ್ ಎಸ್ಟೇಟ್ ಅಂತ ಭಾರೀ ಜಮೀನಿರೋ ಸಂಸ್ಥೆ, ಅವ್ರ ಹತ್ರ ಇಲ್ಲಿನ ಜ್ವಾಲಾಮುಖಿಗಳ ನ್ಯಾಷನಲ್ ಪಾರ್ಕ್‌ಗೆ ಅಂಟ್ಕೊಂಡು ಕಹಾವಾಲೆಯಾ ಅನ್ನೋ ಜಾಗ ಇತ್ತು, ಪ್ಲಾನ್ ಆಗಿದ್ದು ಅಲ್ಲಿಗೆ. 1983ರ ಜನವರಿ 3ಕ್ಕೆ ಕಿಲಾವೆಯಾ ಸಿಡೀತು, ಪೂ ಓಓ ಅಂತ ಹೊಸ ಗುಡ್ಡವೇ ಎದ್ದು ನಿಂತಿತು, ಕಹಾವಾಲೆಯಾ ಮೇಲೆ ಲಾವಾ ಹರೀತು (ಆ ಸ್ಫೋಟ ಹೆಚ್ಚುಕಮ್ಮಿ ನಿಲ್ಲದೇ 2018ರ ತನಕ ನಡೀತು, 35 ವರ್ಷ). ಆಗ ರಾಜ್ಯ ಸರ್ಕಾರ ಏನು ಮಾಡ್ತು ಅಂದ್ರೆ ಆ ಜಾಗ ತಾನು ಇಟ್ಕೊಂಡು, ಬದಲಿಗೆ ವಾವೊ ಕೆಲೆ ಒ ಪುನಾ ಕಾಡನ್ನ ಎಸ್ಟೇಟ್‌ಗೆ ಬರೆದುಕೊಟ್ಬಿಡ್ತು. ಅಲ್ಲಿವರೆಗೂ ಅದು ಸರ್ಕಾರದ ಮೀಸಲು ಕಾಡು.

ಮತ್ತೆ ಅದು ಬರೀ ಸರ್ಕಾರಿ ಜಾಗ ಕೂಡ ಅಲ್ಲ. 1893ರಲ್ಲಿ ರಾಣಿ ಲಿಲಿಯುಓಕಲಾನಿನ ಪಟ್ಟದಿಂದ ಇಳಿಸಿದ ಮೇಲೆ ರಾಜಮನೆತನದ, ಅವರ ಸರ್ಕಾರದ ನೆಲ ಎಲ್ಲ ಕೈ ಬದಲಾಗಿ ಕೊನೆಗೆ ಅಮೆರಿಕಕ್ಕೆ ಹೋಯ್ತು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯ ಆದಾಗ ಆ ನೆಲದಲ್ಲಿ ಬಹುಪಾಲು ರಾಜ್ಯಕ್ಕೆ ವಾಪಸ್ ಬಂತು, ಆದ್ರೆ ಒಂದು ಷರತ್ತಿನ ಮೇಲೆ: ಅದನ್ನ ಟ್ರಸ್ಟ್ ಆಗಿ ನೋಡ್ಕೋಬೇಕು, ಮೂಲ ಹವಾಯಿಯನ್ನರ ಹಿತಕ್ಕೂ ಬಳಸಬೇಕು ಅಂತ. ಅಂಥ ನೆಲನ ಅದಲು ಬದಲು ಮಾಡಿಬಿಟ್ರೆ ಜನ ಸುಮ್ನೆ ಇರ್ತಾರಾ? ಪೆಲೆ ಡಿಫೆನ್ಸ್ ಫಂಡ್ ಅಂತ ಸಂಘಟನೆ ಹುಟ್ಟಿದ್ದು ಆ ಟೈಮಲ್ಲಿ, ಪಾಲಿಕಾಪು ಡೆಡ್ಮನ್, ಡಾಕ್ಟರ್ ಎಮೆಟ್ ಅಲುಲಿ ಇವರೆಲ್ಲ ಮುಂದೆ ನಿಂತವರು. 1990ರ ಮಾರ್ಚ್‌ನಲ್ಲಿ ಗೇಟ್ ಹತ್ರ ಸಾವಿರಕ್ಕೂ ಜಾಸ್ತಿ ಜನ ಸೇರಿದ್ರು, ಅರೆಸ್ಟ್ ಆದವ್ರೇ ನೂರು ದಾಟಿದ್ರು.

ಖಡಕ್ ಅವ್ರೆ, ದೇವಿ ವಿಷಯಕ್ಕೆ ಆಮೇಲೆ ಬರ್ತೀನಿ, ಅಡುಗೆ ಬಾಕಿ ಇದೆ.

ಬೆಟ್ಟದ_ಮಾಣಿ:
ಅಕ್ಕಾ ಚೊಲೋ ಬರದ್ರಿ. ಒಂದು ಡೌಟು, ಕೋರ್ಟ್‌ಗೆ ಹೋದ್ರಲ್ಲ, ಅಲ್ಲಿ ಏನಾಯ್ತು? ಆ ಅದಲು ಬದಲು ರದ್ದಾಯ್ತಾ?

ಹಿಲೊ_ಅಕ್ಕ:
ಇಲ್ಲ ಮಾಣಿ, ರದ್ದಾಗ್ಲಿಲ್ಲ. 1992ರಲ್ಲಿ ಹವಾಯಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಜಾಗ ಬದಲಾಯಿಸಿದ್ದನ್ನ ಕೋರ್ಟ್ ಮುಟ್ಟಲಿಲ್ಲ. ಆದ್ರೆ ಇನ್ನೊಂದು ಮಾತು ಹೇಳ್ತು, ಇವತ್ತಿಗೂ ಎಲ್ರೂ ಹಿಡ್ಕೊಳ್ಳೋದು ಅದನ್ನೇ. ಇಲ್ಲಿ ಹಿಂದೆ ಬೆಟ್ಟದ ತುದಿಯಿಂದ ಸಮುದ್ರದ ತನಕ ಉದ್ದುದ್ದ ಪಟ್ಟಿ ಥರ ನೆಲ ಹಂಚ್ಕೊತಿದ್ರು, ಅಹುಪುವಾ ಅಂತಾರೆ. ಒಂದು ಪಟ್ಟಿಯವ್ರು ಮೇಲಿನ ಕಾಡಿಂದ ಬಳ್ಳಿ, ಔಷಧಿ ಸೊಪ್ಪು, ಹಂದಿ ಬೇಟೆ, ಕೆಳಗೆ ಸಮುದ್ರದಿಂದ ಮೀನು, ಹೀಗೆ. ಪುನಾ ಕಡೆಯವರು ತಮ್ಮ ಪಟ್ಟಿ ದಾಟಿ ಈ ಕಾಡಿಗೂ ಹೋಗಿ ಬರ್ತಿದ್ರು ಅಂತ ಸಾಕ್ಷಿ ಹೇಳಿದ್ರು. ಹಾಗೆ ನಡೆದು ಬಂದ ರೂಢಿ ಇದ್ರೆ, ಜಾಗ ಖಾಸಗಿಯವ್ರ ಹೆಸರಿಗೆ ಹೋದ್ರೂ ಆ ಹಕ್ಕು ಸಾಯಲ್ಲ ಅಂತ ಕೋರ್ಟ್ ಒಪ್ಕೊಂಡಿತು.

ಬೆಟ್ಟದ_ಮಾಣಿ:
ನಮ್ಮ ಕಡೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ಕೊಯ್ಯೋ ಕಾಡಿನ) ಹಕ್ಕು ಇದ್ದಾಂಗೇ ಆತು ಹಾಗಾದ್ರೆ. ಆದ್ರೂ ಒಂದು ಫರಕ್ ಇದ್ದು ಕಾಣ್ತು, ನಮ್ಮಲ್ಲಿ ಬೆಟ್ಟ ಬರೋದು ಅಡಿಕೆ ತೋಟದ ಜೊತೆಗೆ, ತೋಟ ಇದ್ದವಂಗೆ ಬೆಟ್ಟ, ತೋಟ ಇಲ್ದೇ ಇದ್ದವನ ಹತ್ರ ಕೇಳಿದ್ರೆ ಅವನ ಕತೆ ಬೇರೆನೇ. ಅಲ್ಲಿ ತೋಟ ಗೀಟ ಲೆಕ್ಕ ಇಲ್ದೇ ರೂಢಿ ನೋಡಿ ಕೊಟ್ಟಿದ್ದು. ನಂಗೆ ಅದು ಹೆಚ್ಚು ಸರಿ ಕಾಣ್ತು.

ಜರಿಗಿಡ:
ನಾನು ಬಾಟನಿಯವನು, ಮೊದಲ ಪೋಸ್ಟ್‌ಗೆ ನೇರ ಉತ್ತರ ಕೊಡ್ತೀನಿ ಯಾಕಂದ್ರೆ "ಲಾವಾ ಸುಟ್ರೆ ಓಕೆ, ಕಂಪನಿ ಕಡಿದ್ರೆ ನಾಟ್ ಓಕೆ" ಅನ್ನೋದು ಕೇಳೋಕೆ ಲಾಜಿಕ್ ಥರ ಇದೆ ಆದ್ರೆ ಕಾಡು ಕೆಲಸ ಮಾಡೋ ರೀತಿಗೆ ಹೊಂದಲ್ಲ.

ಲಾವಾ ಹರಿದ ಮೇಲೆ ಏನಿರುತ್ತೆ? ಬರೀ ಕಪ್ಪು ಬಂಡೆ. ಮಣ್ಣಿಲ್ಲ, ಸಾರಜನಕ ಅಂತೂ ಇಲ್ಲವೇ ಇಲ್ಲ. ಅಂಥ ಜಾಗದಲ್ಲಿ ಬದುಕೋ ಗಿಡಗಳು ಕಡಿಮೆ, ಅದ್ರಲ್ಲಿ ರಾಜ ಅಂದ್ರೆ ಓಹಿಯಾ ಮರ. ಅದರ ಬೀಜ ಧೂಳಿನ ಹಾಗೆ, ಗಾಳೀಲಿ ಹಾರಿ ಬಂದು ಬಂಡೆ ಬಿರುಕಲ್ಲಿ ಕೂತ್ಕೊಳ್ಳುತ್ತೆ, ಅಲ್ಲೇ ಮೊಳಕೆ. ಜ್ವಾಲಾಮುಖಿಯ ಗಂಧಕದ ಹೊಗೆ ಬಂದ್ರೆ ಎಲೆಯ ಸಣ್ಣ ರಂಧ್ರ ಮುಚ್ಕೊಂಡು ತಡ್ಕೊಳ್ಳುತ್ತೆ. ಕೆಂಪು ಕುಚ್ಚಿನಂಥ ಹೂವು, ಅದನ್ನ ಲೆಹುವಾ ಅಂತಾರೆ, ನಮ್ಮ ನೇರಳೆ ಕುಟುಂಬದ್ದೇ ಮರ. ಓಹಿಯಾ ಜೊತೆ ಉಲುಹೆ ಅನ್ನೋ ಜರಿಗಿಡ ಹಬ್ಬಿ ನೆಲ ಮುಚ್ಚುತ್ತೆ, ಆಮೇಲೆ ಹಾಪೂ ಅನ್ನೋ ಮರಜರಿ. ಉಲುಹೆ ನೀವೆಲ್ಲ ನೋಡಿರೋದೇ, ಘಾಟ್ ರೋಡ್ ಪಕ್ಕ ಧರೆ ಕುಸಿದ ಕಡೆ ಕವಲು ಕವಲಾಗಿ ಹೆಣ್ಕೊಂಡು ಕಾಲಿಡೋಕೆ ಬಿಡದ ಹಾಗೆ ಬೆಳೆಯುತ್ತಲ್ಲ, ಅದೇ ಜಾತಿ, ಪಶ್ಚಿಮ ಘಟ್ಟದಲ್ಲೂ ಇದೆ ಹವಾಯಿಯಲ್ಲೂ ಇದೆ.

ಇನ್ನೊಂದು, ಲಾವಾ ಒಂದೇ ಸಮ ಎಲ್ಲ ಸುಡಲ್ಲ. ಅಲ್ಲಲ್ಲಿ ಸುತ್ತು ಹಾಕಿ ಹೋಗುತ್ತೆ, ನಡುವೆ ಹಳೇ ಕಾಡಿನ ತುಂಡು ಉಳ್ಕೊಳ್ಳುತ್ತೆ, ಕೀಪುಕಾ ಅಂತಾರೆ. ಸುತ್ತ ಹೊಸ ಬಂಡೆಗೆ ಬೀಜ ಹೋಗೋದು ಅಲ್ಲಿಂದಾನೇ. ವಾವೊ ಕೆಲೆಯ ಬಹುಪಾಲು ಕಾಡು ಬೆಳೆದಿರೋದು 15ನೇ ಶತಮಾನದಲ್ಲಿ ದಶಕಗಟ್ಟಲೆ ಹರಿದ ಒಂದು ಭಾರೀ ಲಾವಾ ಮೇಲೆ. ಪೆಲೆ ಬರೋಕ್ಕಿಂತ ಮುಂಚೆ ಇಲ್ಲಿದ್ದ ಕಾಡು ತಿನ್ನೋ ದೇವರು ಐಲಾವು ಅಂತ ಹವಾಯಿಯನ್ನರು ಹೇಳೋ ಕತೆ ಇದೆ, ವಿಜ್ಞಾನಿಗಳು ಆ ಲಾವಾಗೆ ಅದೇ ಹೆಸರು ಇಟ್ಟಿದಾರೆ.

ಈಗ ರೋಡ್ ಹಾಕಿ, ಬುಲ್ಡೋಜರ್ ಬಿಡಿ, ಜಲ್ಲಿ ಹೊಡೆಸಿ. ಲಾವಾ ಜೊತೆ ಕಳೆ ಬೀಜ ಬರಲ್ಲ, ಟೈರ್ ಜೊತೆ ಬರುತ್ತೆ. ಸ್ಟ್ರಾಬೆರಿ ಸೀಬೆ 1825ರಲ್ಲೇ ಹವಾಯಿಗೆ ಬಂದಿದ್ದು, ಎಲ್ಲಿ ನೆಲ ಕೆದಕಿದ್ರೋ ಅಲ್ಲಿ ಒತ್ತೊತ್ತಾಗಿ ಎದ್ದು ಕೆಳಗೆ ಒಂದು ಓಹಿಯಾ ಸಸಿ ಬದುಕೋಕೆ ಬಿಡಲ್ಲ, ಹಣ್ಣು ತಿಂದ ಕಾಡು ಹಂದಿ ಬೀಜನ ಇನ್ನೂ ಒಳಗೆ ಸಾಗಿಸುತ್ತೆ. ಅಲ್ಬಿಜಿಯಾ ಅಂತ ಇನ್ನೊಂದು, ನಮ್ಮ ಬಾಗೆ ಮರದ ಹತ್ತಿರದ ನೆಂಟ, 1917ರಲ್ಲಿ ತಂದಿದ್ದು, ಅದು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಹಾಕುತ್ತೆ. ಗೊಬ್ಬರ ಒಳ್ಳೇದಲ್ವಾ ಅಂತೀರಿ. ಬಡ ಬಂಡೆ ಮೇಲೆ ಬದುಕೋಕೆ ಕಲಿತ ಓಹಿಯಾಗೆ ಇದ್ದ ಒಂದೇ ಅನುಕೂಲ ಅಂದ್ರೆ ಬೇರೆಯವ್ರು ಅಲ್ಲಿ ಬದುಕಲ್ಲ ಅನ್ನೋದು, ಗೊಬ್ಬರ ಬಿದ್ರೆ ಅದೂ ಹೋಯ್ತು.

ಹಾಗಾಗಿ ಎಷ್ಟು ಎಕರೆ ಕಡಿದ್ರು ಅನ್ನೋ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ ಕುಮಾರ್, ರೋಡ್ ಎಷ್ಟು ಒಳಗೆ ಹೋಯ್ತು ಅನ್ನೋದನ್ನ ಕೇಳಿ.

ಕುಡ್ಲದ_ಬಿಸಿಲು:
ಎಂಥ ಚಂದ ಬರ್ದಿದ್ದೀರಿ ಮಾರಾಯ್ರೆ. ಅಲ್ಬಿಜಿಯಾ ಹೇಳುವಾಗ ನೆನಪಾಯ್ತು, 2014ರ ಆಗಸ್ಟ್‌ನಲ್ಲಿ ಇಸೆಲ್ ಅಂತ ಒಂದು ಚಂಡಮಾರುತ ಪುನಾಕ್ಕೆ ಹೊಡ್ದಿತ್ತು ಅಲ್ವಾ, ಆವಾಗ ಬಿದ್ದದ್ದು ಹೆಚ್ಚಾಗಿ ಇದೇ ಮರ. ಬೇಗ ಬೆಳೀತದೆ, ಹಾಗೇ ಮೆದು. ಲೈನ್ ಕಂಬ, ರೋಡ್, ಮನೆ ಎಲ್ಲದರ ಮೇಲೆ ಬಿದ್ದು ಕೆಲವು ಕಡೆ ವಾರಗಟ್ಟಲೆ ಕರೆಂಟ್ ಇರ್ಲಿಲ್ಲ. ಕರೆಂಟಿಗೋಸ್ಕರ ಕಾಡಲ್ಲಿ ರೋಡ್ ಮಾಡುವುದು, ರೋಡಿನ ಬದಿಗೆ ಈ ಮರ ಬರುವುದು, ಅದು ಬಿದ್ದು ಕರೆಂಟ್ ಹೋಗುವುದು, ಸರಿ ಉಂಟು ವ್ಯವಸ್ಥೆ.

ಕರೆಂಟ್_ಕುಮಾರ:
ಜರಿಗಿಡ ಅವ್ರೆ ಇಕಾಲಜಿ ಪಾಯಿಂಟ್ ಗಟ್ಟಿ ಇದೆ, ರೋಡ್ ವಿಷಯ ಒಪ್ಪಿದೆ. ಆದ್ರೆ ಎನರ್ಜಿ ಪಾಯಿಂಟ್ ಬಿಡಲ್ಲ. ಅದೇ ಪುನಾದಲ್ಲಿ, ಈ ಕಾಡಿನ ಹೊರಗೆ, ಲೇಲಾನಿ ಎಸ್ಟೇಟ್ಸ್ ಅನ್ನೋ ಬಡಾವಣೆ ಪಕ್ಕ ಪುನಾ ಜಿಯೋಥರ್ಮಲ್ ಪ್ಲಾಂಟ್ 1993ರಿಂದ ಓಡ್ತಾ ಇದೆ, 2018ಕ್ಕೆ ಮುಂಚೆ 38 ಮೆಗಾವ್ಯಾಟ್. 2018ರ ಮೇ 3ಕ್ಕೆ ಆ ಬಡಾವಣೆ ನಡುವೆನೇ ನೆಲ ಬಿರುಕು ಬಿಟ್ಟು ಲಾವಾ ಚಿಮ್ಮಿತು, ಒಟ್ಟು 24 ಬಿರುಕು, 700ಕ್ಕೂ ಹೆಚ್ಚು ಮನೆ ಹೋಯ್ತು. ಪ್ಲಾಂಟ್‌ನ ಸಬ್‌ಸ್ಟೇಷನ್, ಕೆಲವು ಬಾವಿ ಲಾವಾ ಕೆಳಗೆ. ಅಲ್ಲಿಗೆ ಕತೆ ಮುಗೀತು ಅಂದ್ರು ಎಲ್ರೂ. 2020ರ ನವೆಂಬರ್‌ನಲ್ಲಿ ಮತ್ತೆ ಕರೆಂಟ್ ಕೊಡೋಕೆ ಶುರು ಮಾಡ್ತು! ಅಂದ್ರೆ ಜ್ವಾಲಾಮುಖಿ ಮೇಲೆ ಪ್ಲಾಂಟ್ ನಡೆಸೋದು ಹುಚ್ಚಾಟ ಅನ್ನೋ ವಾದ ಬಿತ್ತು.

ಹಿಲೊ_ಅಕ್ಕ:
ಅಡುಗೆ ಆಯ್ತು, ವಾಪಸ್ ಬಂದೆ.

ಕುಮಾರ್, ಮತ್ತೆ ಶುರು ಆಯ್ತು ನಿಜ. ಆದ್ರೆ ಎರಡೂವರೆ ವರ್ಷ ಬಂದ್ ಆಗಿತ್ತಲ್ಲ. ಅಷ್ಟು ದಿನ ಈ ದ್ವೀಪ ಆಯಿಲ್ ಮೇಲೆ ಇನ್ನೂ ಜಾಸ್ತಿ ಓಡ್ತು, ಸಣ್ಣ ಪ್ಲಾಂಟ್ ಆದ್ದರಿಂದ ತಡ್ಕೊಂಡ್ವಿ. ನಿಮ್ಮ 500 ಮೆಗಾವ್ಯಾಟ್ ಕತೆಯಲ್ಲಿ ಹೊನೊಲುಲು ಕರೆಂಟ್‌ನ ದೊಡ್ಡ ಪಾಲು ಇದೇ ಬಿರುಕಿನ ಮೇಲೆ, ಸಮುದ್ರದ ಕೇಬಲ್ ಮೇಲೆ ನೇತಾಡ್ತಿತ್ತು. 2014ರ ಲಾವಾ ವಾವೊ ಕೆಲೆ ಒಳಗೇ ಹರೀತು ಅಂತ ನೀವೇ ಮೊದಲ ಪೋಸ್ಟ್‌ನಲ್ಲಿ ಬರೆದಿದೀರಿ.

ಮತ್ತೆ ಆ ಪ್ಲಾಂಟ್ ಪಕ್ಕದಲ್ಲಿ ಇದ್ದವರನ್ನ ಕೇಳ್ನೋಡಿ. 1991ರಲ್ಲಿ ಬಾವಿ ಕೊರೆಯುವಾಗ ಕಂಟ್ರೋಲ್ ತಪ್ಪಿ ಒಂದು ದಿನಕ್ಕೂ ಜಾಸ್ತಿ ಹೊತ್ತು ಹಬೆ, ಹೈಡ್ರೋಜನ್ ಸಲ್ಫೈಡ್ ಎಲ್ಲ ಸೀದಾ ಹೊರಗೆ ಚಿಮ್ಮಿತ್ತು, ಸುತ್ತಲಿನವರನ್ನ ಮನೆ ಬಿಡಿಸಬೇಕಾಯ್ತು. ನಾನು ಜಿಯೋಥರ್ಮಲ್ ವಿರೋಧಿ ಅಲ್ಲ, ಇಲ್ಲಿನ ಹವಾಯಿಯನ್ನರಲ್ಲೂ ಪರ ಇರೋರು ಇದಾರೆ. ನಂಗೆ ಸರಿ ಕಾಣ್ದೇ ಇರೋದು ಈ ದ್ವೀಪದ ಕಾಡು ಹೋಗ್ಬೇಕು, ವಾಸನೆ ಇಲ್ಲಿಯವ್ರು ಕುಡೀಬೇಕು, ಎಸಿ ಓಡೋದು ಹೊನೊಲುಲು ವೈಕಿಕಿಯ ಹೋಟೆಲ್‌ನಲ್ಲಿ.

ಈಗ ಖಡಕ್ ಅವರ ದೇವಿ ಪ್ರಶ್ನೆ. ಪೆಲೆ ಅಂದ್ರೆ ಗುಡಿಯೊಳಗಿರೋ ಮೂರ್ತಿ ಥರ ಯೋಚನೆ ಮಾಡ್ಬೇಡಿ. ಹಬೆ, ಬಿಸಿ, ಲಾವಾ, ಹೊಸ ನೆಲ, ಇದೆಲ್ಲ ಆಕೆಯೇ. ಎಷ್ಟೋ ಮನೆತನದವರು ಪೆಲೆ ನಮ್ಮ ಹಿರಿಯಳು, ನಾವು ಆಕೆ ವಂಶ ಅಂತಾರೆ. 2018ರಲ್ಲಿ ಮನೆ ಕಡೆಗೆ ಲಾವಾ ಬರ್ತಿದ್ದಾಗ ಕೆಲವರು ಮನೆ ಗುಡಿಸಿ ಒರೆಸಿ, ಬಾಗಿಲಲ್ಲಿ ಎಲೆ ಹೂವು ಇಟ್ಟು ಹೊರಟಿದ್ದನ್ನ ನೋಡಿದೀನಿ, ಮನೆಗೆ ಹಿರಿಯರು ಬರ್ತಾರೆ ಅನ್ನೋ ಥರ. ಇದನ್ನ ನಾನು ನಂಬ್ತೀನಾ ಅನ್ನೋದು ಬೇರೆ. ಆದ್ರೆ ಬಾವಿಗೆ ಪರ್ಮಿಟ್ ಕೊಡೋ ಮೀಟಿಂಗ್‌ನಲ್ಲಿ ಅವರ ಈ ಮಾತಿಗೆ ಲೆಕ್ಕವೇ ಇರ್ಲಿಲ್ಲ, ಕೋಪ ಬಂದಿದ್ದು ಅದಕ್ಕೆ.

ಹುಬ್ಳಿ_ಖಡಕ್:
ಅಕ್ಕಾರ, ಮನಿ ಗುಡಿಸಿ ಹೊಂಟಿದ್ದು ಓದಿ ಸುಮ್ನ ಕುಂತೆ ನೋಡ್ರಿ. ಆದ್ರೂ ನನ್ನ ಮಾತು ನಾ ಬಿಡೂದಿಲ್ಲ, ನಂಬಿಕಿಗೆ ಕಾನೂನಿನ ಜಾಗಾ ಕೊಟ್ರ ನಾಳೆ ಯಾರ್ ಬೇಕಾದ್ರೂ ಯಾವ ಗುಡ್ಡಕ್ಕ ಬೇಕಾದ್ರೂ ದೇವ್ರನ್ನ ತರ್ತಾರ. ನಮ್ಮಲ್ಲಿ ತರೂದಿಲ್ಲೇನು?

ಬೆಟ್ಟದ_ಮಾಣಿ:
ಅದಕ್ಕೇ ಕೋರ್ಟ್ ದೇವ್ರು ಇದ್ದಾಳೋ ಇಲ್ವೋ ಅಂತ ನೋಡಿಲ್ಲೆ ಖಡಕ್ ಅಣ್ಣ. ನೀನು, ನಿನ್ನ ಅಜ್ಜ, ಇಲ್ಲಿ ಬಂದು ಏನು ಕೊಯ್ತಿದ್ರಿ, ಎಲ್ಲಿ ನಡೀತಿದ್ರಿ ಅಂತ ಸಾಕ್ಷಿ ಕೇಳಿದ್ದು. ನಾಳೆ ಬೆಳಿಗ್ಗೆ ಹುಟ್ಟಿದ ದೇವ್ರಿಗೆ ಅಜ್ಜನ ಸಾಕ್ಷಿ ಎಲ್ಲಿಂದ ತರ್ತೆ?

ತೀರ್ಥಳ್ಳಿ_ಮಳೆ:
ಇದೆಲ್ಲ ಓದ್ತಾ ನಂಗೆ ಶರಾವತಿ ಪಂಪ್ಡ್ ಸ್ಟೋರೇಜ್ (ನೀರು ಮೇಲೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡೋ) ಯೋಜನೆಯೇ ಕಣ್ಣ ಮುಂದೆ. 2000 ಮೆಗಾವ್ಯಾಟ್, ಸಿಂಗಳೀಕದ ಅಭಯಾರಣ್ಯ, ಅಲ್ಲೂ ಹಸಿರು ಕರೆಂಟ್ ಅಂತಲೇ ಹೇಳೋದು, ಅಲ್ಲೂ ನೆಲದೊಳಗೇ ಕೆಲಸ, ಮೇಲೆ ಸ್ವಲ್ಪವೇ ಕಾಡು ಹೋಗುತ್ತೆ ಅಂತಾರೆ...

ಮಾಡರೇಟರ್:
ಶರಾವತಿಗೆ ಬೇರೆ ಥ್ರೆಡ್ ಇದೆ, ಅಲ್ಲಿ ಈಗಾಗ್ಲೇ ಬೆಂಕಿ ಬಿದ್ದಿದೆ, ಇಲ್ಲಿಗೆ ತರಬೇಡಿ ದಯವಿಟ್ಟು.

ತೀರ್ಥಳ್ಳಿ_ಮಳೆ:
ಸರಿ ಬಿಡಿ ಸಾರ್. ಒಂದೇ ಪ್ರಶ್ನೆ, 2006ರಲ್ಲಿ ಕಾಡು ಕೊಂಡಿದ್ದು ಯಾರು? ದುಡ್ಡು ಎಲ್ಲಿಂದ ಬಂತು? ನಮ್ಮಲ್ಲಿ ಯಾರಾದ್ರೂ ಕಾಡು ಕೊಂಡು ಕಾಡಾಗೇ ಇಡ್ತೀನಿ ಅಂದ್ರೆ ತಲೆ ಸರಿ ಇಲ್ಲ ಅಂತಾರೆ.

ಹಿಲೊ_ಅಕ್ಕ:
ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಅಂತ ಸಂಸ್ಥೆ ನಡುವೆ ನಿಂತು ವ್ಯವಹಾರ ಕುದುರಿಸಿತು. ಒಟ್ಟು 36.5 ಲಕ್ಷ ಡಾಲರ್, ಬಹುಪಾಲು ಫೆಡರಲ್ ಸರ್ಕಾರದ ಅರಣ್ಯ ಉಳಿಸೋ ಸ್ಕೀಮ್‌ನಿಂದ, ಉಳಿದದ್ದು ಆಫೀಸ್ ಆಫ್ ಹವಾಯಿಯನ್ ಅಫೇರ್ಸ್ ಹಾಕಿತು. ಜಾಗದ ಪಟ್ಟಾ ಇರೋದು ಈ ಆಫೀಸ್ ಹೆಸರಲ್ಲಿ, ಅದು ಮೂಲ ಹವಾಯಿಯನ್ನರ ಹಿತಕ್ಕೆ ಅಂತಲೇ ಇರೋ ಸಂಸ್ಥೆ. ಅಂದ್ರೆ ಸರ್ಕಾರ ಪುಕ್ಕಟೆ ಅದಲು ಬದಲು ಮಾಡಿ ಕಳ್ಕೊಂಡ ಕಾಡನ್ನ ಜನರ ದುಡ್ಡು ಕೊಟ್ಟು ವಾಪಸ್ ತಂದಿದ್ದು. ಗೆದ್ವಿ ಅಂತ ಕುಣಿಯೋಕೆ ಮನಸ್ಸು ಬರಲ್ಲ ನಂಗೆ, ಆದ್ರೂ ಬಂತಲ್ಲ.

ಕುಡ್ಲದ_ಬಿಸಿಲು:
ಬಂದದ್ದೇನೋ ಬಂತು, ಈಗ ಓಹಿಯಾ ಮರಗಳಿಗೆ ಎಂಥದೋ ರೋಗ ಅಂತೆ ಅಲ್ವಾ? ಜರಿಗಿಡ ಅವ್ರಿಗೆ ಗೊತ್ತುಂಟಾ?

ಜರಿಗಿಡ:
ಗೊತ್ತು, ಅದೇ ಈಗ ದೊಡ್ಡ ತಲೆನೋವು. ರಾಪಿಡ್ ಓಹಿಯಾ ಡೆತ್ ಅಂತ ಕರೀತಾರೆ. ಕಾರಣ ಶಿಲೀಂಧ್ರ ಅಂತ ಗುರುತಾಗಿದ್ದು 2014ರಲ್ಲಿ, ಮೊದಲು ಕಂಡಿದ್ದೂ ಪುನಾದಲ್ಲೇ. ಮರಕ್ಕೆ ಗಾಯ ಆದ ಕಡೆಯಿಂದ ಒಳಗೆ ಹೋಗಿ ನೀರು ಮೇಲಕ್ಕೆ ಹೋಗೋ ದಾರಿ ಕಟ್ಟಿಬಿಡುತ್ತೆ, ಹೊರಗೆ ಲಕ್ಷಣ ಕಂಡ ಮೇಲೆ ಕೆಲವೇ ವಾರ, ಪೂರ್ತಿ ಮರ ಕಂದು. ನೂರಾರು ವರ್ಷದ ಮರ. ಸತ್ತಿರೋದು ಹತ್ತು ಲಕ್ಷ ಮೀರಿದೆ ಅಂತ ಅಂದಾಜು. ದುಂಬಿಗಳು ಸತ್ತ ಮರ ಕೊರೆದಾಗ ಬೀಳೋ ಪುಡಿ, ಹಂದಿ ತೊಗಟೆ ಉಜ್ಜಿ ಮಾಡೋ ಗಾಯ, ಗಾಡಿ ಚಕ್ರ, ಬೂಟಿನ ಮಣ್ಣು, ಎಲ್ಲದರಿಂದ ಹರಡುತ್ತೆ. ಹಂದಿ ಬರದ ಹಾಗೆ ಬೇಲಿ ಹಾಕಿದ ಕಡೆ ರೋಗ ಕಡಿಮೆ ಅಂತ ಕಂಡುಬಂದಿದೆ. ಆದ್ರೆ ಇಲ್ಲಿ ಬೇಟೆನೂ ಜನರ ಹಕ್ಕು, ಬೇಲಿ ಹಾಕಿದ್ರೆ ಬೇಟೆಗಾರರು ಬಿಡಲ್ಲ. ಮೇಲೆ ಮಾಣಿ ಕೇಳಿದ ಕೋರ್ಟ್ ತೀರ್ಪು ಇಲ್ಲಿ ಬಂದು ಕಾಡಿನ ಜೊತೆಗೇ ಡಿಕ್ಕಿ ಹೊಡೆಯುತ್ತೆ.

ಸೀಬೆಗೆ ಬ್ರೆಜಿಲ್‌ನಿಂದ ಒಂದು ಸಣ್ಣ ಕೀಟ ತಂದು ಬಿಟ್ಟಿದಾರೆ, ಎಲೆ ಮೇಲೆ ಗಂಟು ಮಾಡಿ ಹಣ್ಣು ಕಮ್ಮಿ ಮಾಡುತ್ತೆ. ಕೀಟ ಬಿಟ್ಟು ಕಳೆ ತಡೆಯೋದ್ರಲ್ಲಿ ಹವಾಯಿಯವ್ರು ಹಳೇ ಕೈ. 1902ರಲ್ಲೇ ಲಂಟಾನಾಗೆ ಮೆಕ್ಸಿಕೊದಿಂದ ಕೀಟ ತರಿಸಿದವರು. ಅದರಲ್ಲಿ ಒಂದು ಬೀಜ ತಿನ್ನೋ ನೊಣನ 1921ರಲ್ಲಿ ಹವಾಯಿಯಿಂದ ದಕ್ಷಿಣ ಭಾರತಕ್ಕೂ ತಂದು ಬಿಟ್ರು. ಬಂಡೀಪುರಕ್ಕೆ ಹೋದವರಿಗೆ ಅದರ ರಿಸಲ್ಟ್ ಬಿಡಿಸಿ ಹೇಳಬೇಕಾಗಿಲ್ಲ, ರೋಡ್ ಎರಡೂ ಕಡೆ ಲಂಟಾನಾನೇ.

ಕರೆಂಟ್_ಕುಮಾರ:
ಹಹಾ. ಸರಿ, ನಂದು ಈಗಿನ ಸ್ಟ್ಯಾಂಡ್ ಹೇಳ್ತೀನಿ. ಆ ಕಾಡಿನೊಳಗೆ ಬೇಡ, ಒಪ್ಪಿದೆ. ಆದ್ರೆ ಈಗಾಗ್ಲೇ ಕೆದಕಿರೋ ಜಾಗ, ಹಳೇ ಪಪ್ಪಾಯ ತೋಟ, ಅರ್ಧಂಬರ್ಧ ಬಡಾವಣೆ ಪುನಾದಲ್ಲಿ ಬೇಕಾದಷ್ಟಿದೆ. ಅಲ್ಲಿ ಸಣ್ಣ ಪ್ಲಾಂಟ್, ಆ ದ್ವೀಪಕ್ಕೆ ಬೇಕಾದಷ್ಟು ಮಾತ್ರ, ಲಾಭದಲ್ಲಿ ಅಲ್ಲಿನವ್ರಿಗೆ ಪಾಲು. ಇದಕ್ಕೆ ಏನಂತೀರಿ ಅಕ್ಕ?

ಹಿಲೊ_ಅಕ್ಕ:
ಇದನ್ನ ಇಲ್ಲಿ ಮೀಟಿಂಗ್‌ನಲ್ಲಿ ಹೇಳಿದ್ರೆ ಅರ್ಧ ಜನ ಚಪ್ಪಾಳೆ, ಅರ್ಧ ಜನ ಎದ್ದು ಹೋಗ್ತಾರೆ. ನಾನು ಕೂತಿರ್ತೀನಿ, ಮೊದಲು ಗ್ಯಾಸ್ ಅಳೆಯೋ ಮೀಟರ್ ಯಾರ ಕೈಯಲ್ಲಿರುತ್ತೆ ಅಂತ ಕೇಳ್ತೀನಿ.

ಕುಡ್ಲದ_ಬಿಸಿಲು:
ನಮ್ಮ ಮಗಳು ಅಮೆರಿಕದಲ್ಲಿದ್ದಾಳೆ, ಒಮ್ಮೆ ಹವಾಯಿಗೆ ಹೋಗುವ ಅಂತ ಉಂಟು. ಈ ಕಾಡಿಗೆ ಟೂರಿಸ್ಟರು ಹೋಗ್ಲಿಕ್ಕೆ ಆಗ್ತದಾ?

ಹಿಲೊ_ಅಕ್ಕ:
ಅಲ್ಲಿಗೆ ಬೇಡ ಅಣ್ಣ, ಟೂರಿಸ್ಟರಿಗೆ ಅಂತ ಅಲ್ಲಿ ಏನೂ ಇಲ್ಲ. ಉಲುಹೆ ಹೆಣೆದ ನೆಲದಲ್ಲಿ ಕಾಲಡಿ ಬಿರುಕು ಕಾಣಲ್ಲ, ಬಿದ್ರೆ ಹುಡುಕೋರಿಲ್ಲ. ಬೇಕಾದ್ರೆ ಪಾಹೋವಾ ಹತ್ರ ಲಾವಾ ಟ್ರೀ ಪಾರ್ಕ್ ನೋಡಿ, 1790ರ ಲಾವಾ ಓಹಿಯಾ ಮರಗಳನ್ನ ಸುತ್ತಿಕೊಂಡು ಗಟ್ಟಿಯಾಗಿ ಈಗ ಬರೀ ಕೊಳವೆ ಥರ ನಿಂತಿವೆ. ನ್ಯಾಷನಲ್ ಪಾರ್ಕ್‌ನಲ್ಲಿ ಲಾವಾ ಸುರಂಗದ ಒಳಗೆ ನಡೀಬಹುದು, ಬಾಯಿ ಹತ್ರ ಮರಜರಿ ಕಾಡು, ಚೆನ್ನಾಗಿದೆ. ಎಲ್ಲೇ ಹೋದ್ರೂ ಮುಂಚೆ ಬೂಟಿನ ಮಣ್ಣು ಬ್ರಷ್‌ನಲ್ಲಿ ಉಜ್ಜಿ, ಆಲ್ಕೋಹಾಲ್ ಸ್ಪ್ರೇ ಹೊಡೀರಿ, ಗೇಟಲ್ಲಿ ಇಟ್ಟಿರ್ತಾರೆ. ವಾಪಸ್ ಬರುವಾಗಲೂ ಅಷ್ಟೆ. ರಾತ್ರಿ ಈ ಕಡೆ ಉಳಿದ್ರೆ ಕಿವಿಗೆ ಹತ್ತಿ ತನ್ನಿ, ಪೋರ್ಟೊ ರಿಕೊದಿಂದ ನರ್ಸರಿ ಗಿಡದ ಜೊತೆ ಬಂದ ಕೊಕಿ ಕಪ್ಪೆ ಇದಾವೆ, ಹೆಬ್ಬೆರಳಷ್ಟಿಲ್ಲ, ಊರಿಗೆಲ್ಲ ನಿದ್ದೆ ಇಲ್ಲ.

ಹುಬ್ಳಿ_ಖಡಕ್:
ಅಕ್ಕಾರ, ಅಲ್ಲಿಂದ ಒಂದ್ ಕರೇ ಕಲ್ಲು ನೆನಪಿಗೆ ತರಬಹುದೇನ್ರಿ?

ಹಿಲೊ_ಅಕ್ಕ:
ಪಾರ್ಕ್‌ನಿಂದ ಕಲ್ಲು ತರೋದು ಕಾನೂನು ಪ್ರಕಾರ ತಪ್ಪು. ಅದನ್ನ ಬಿಟ್ಟು ಹೇಳೋದಾದ್ರೆ, ಹಾಗೆ ಕದ್ದು ಒಯ್ದವರು ಪೆಲೆ ಶಾಪ ತಟ್ಟಿತು, ಕೆಲಸ ಹೋಯ್ತು, ಡೈವೋರ್ಸ್ ಆಯ್ತು ಅಂತ ಪತ್ರ ಬರೆದು ಕಲ್ಲನ್ನ ಪೋಸ್ಟ್‌ನಲ್ಲಿ ವಾಪಸ್ ಕಳಿಸ್ತಾರೆ, ಪಾರ್ಕ್‌ನವ್ರಿಗೆ ಅದನ್ನ ಎಲ್ಲಿ ಹಾಕೋದು ಅಂತ ತಲೆಬಿಸಿ. ನೀವು ದೇವರಿಲ್ಲ ಅನ್ನೋ ಪಾರ್ಟಿ ತಾನೇ, ತಗೊಂಡು ನೋಡಿ.

ಹುಬ್ಳಿ_ಖಡಕ್:
ಬ್ಯಾಡ ಬಿಡ್ರಿ, ಪೋಸ್ಟ್ ಖರ್ಚು ಯಾರ್ ಕೊಡಬೇಕು.